ಹವ್ಯಾಸಿ ಛಾಯಾಗ್ರಾಹಕರ ಹಳೆಯ ಗಾಜಿನ ಪ್ಲೇಟುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸುಮಾರು 1890ರಿಂದ 1930ರ ನಡುವೆ, ಸ್ಟುಡಿಯೊ ಇಟ್ಟುಕೊಳ್ಳದೆ ತಮ್ಮ ಖುಷಿಗೆ ಕ್ಯಾಮೆರಾ ಹಿಡಿದವರು ತೆಗೆದ ಚಿತ್ರಗಳ ಬಗ್ಗೆ ಈ ಪುಟ. ಪ್ಲೇಟು ಎಂದರೆ ಫಿಲ್ಮಿನ ಬದಲು ಕ್ಯಾಮೆರಾದೊಳಗೆ ಇಡುತ್ತಿದ್ದ ಗಾಜು. ಅದರ ಒಂದು ಮಗ್ಗುಲಿಗೆ ಬೆಳಕಿಗೆ ಸ್ಪಂದಿಸುವ ಬೆಳ್ಳಿ ಬೆರೆತ ಲೇಪವಿದ್ದು, ನೆಗೆಟಿವ್ ಮೂಡುವುದು ಅದರಲ್ಲೇ. ಮನೆಮಂದಿ, ಅಂಗಳ, ದನಕರು, ಕೊಯ್ಲು, ನೆಂಟರು ಬಂದ ದಿನ: ಇವೇ ಹೆಚ್ಚಾಗಿ ಅದರಲ್ಲಿರುತ್ತವೆ. ಇಂಥ ಪ್ಲೇಟುಗಳ ಡಬ್ಬಿ ಕೈಗೆ ಬಂದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಒಟ್ಟು ಮಾಡಿದ್ದೇವೆ.

ಅಟ್ಟದ ಮೇಲೆ ಗಾಜಿನ ಪ್ಲೇಟುಗಳ ಡಬ್ಬಿ ಸಿಕ್ಕಿದೆ. ಮೊದಲು ಏನು ಮಾಡಬೇಕು?

ತೊಳೆಯಬೇಡಿ, ಒರೆಸಬೇಡಿ, ಚೆನ್ನಾಗಿರುವುದು ಒಂದು ಕಡೆ ಕೆಟ್ಟದ್ದು ಒಂದು ಕಡೆ ಎಂದು ವಿಂಗಡಿಸಲೂಬೇಡಿ. ಪ್ಲೇಟುಗಳು ಯಾವ ಅನುಕ್ರಮದಲ್ಲಿವೆಯೋ ಅದೇ ಅರ್ಧ ಮಾಹಿತಿ. ತೆಗೆದವರು ಸಾಮಾನ್ಯವಾಗಿ ಒಂದೇ ದಿನದ, ಒಂದೇ ಪ್ರಯಾಣದ ಪ್ಲೇಟುಗಳನ್ನು ಒಟ್ಟಿಗೇ ಇಟ್ಟಿರುತ್ತಾರೆ. ಹೆಸರಿಲ್ಲದ ಒಂದು ಮುಖವನ್ನು ಗುರುತಿಸಲು ಅದರ ಹಿಂದಿನ ಮುಂದಿನ ಪ್ಲೇಟುಗಳೇ ದಾರಿ. ಒಮ್ಮೆ ಕಲಸಿಹೋದರೆ ಆ ನಂಟನ್ನು ಮತ್ತೆ ಕಟ್ಟಲು ಆಗುವುದಿಲ್ಲ.

ಮೊದಲು ಮುಚ್ಚಳ, ಅಂಚು, ತಳ ಸೇರಿದಂತೆ ಡಬ್ಬಿಯ ಆರೂ ಮಗ್ಗುಲನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿ. ಆಮೇಲೆ ಮುಂದಿನಿಂದ ಹಿಂದಕ್ಕೆ ಸಂಖ್ಯೆ ಕೊಡುತ್ತಾ ಹೋಗಿ: ಮೂರನೇ ಡಬ್ಬಿಯ ಏಳನೇ ಪ್ಲೇಟು ಎಂದರೆ 03-07. ಸಂಖ್ಯೆ ಬರೆಯಬೇಕಾದ್ದು ಹೊಸ ಲಕೋಟೆಯ ಮೇಲೆ, ಪೆನ್ಸಿಲಿನಲ್ಲಿ, ಪ್ಲೇಟು ಒಳಗೆ ಹೋಗುವ ಮುಂಚೆ. ಗಾಜಿನ ಮೇಲೆ ಏನನ್ನೂ ಬರೆಯಬೇಡಿ, ಅಂಟಿಸಬೇಡಿ. ಹಳೆಯ ಲಕೋಟೆಯಲ್ಲಿ ಒಂದಕ್ಷರ ಬರಹವಿದ್ದರೂ ಅದನ್ನು ಅದೇ ಸಂಖ್ಯೆಯೊಡನೆ ಬೇರೆಯಾಗಿ ಜೋಪಾನ ಮಾಡಿ.

ಇದು ಯಾವ ಕಾಲದ ಪ್ಲೇಟು ಎಂದು ನೋಡಿದ ಕೂಡಲೇ ಹೇಳಬಹುದೇ?

ಸ್ಥೂಲವಾಗಿ ಹೇಳಬಹುದು. 1851ರಿಂದ 1880ರ ದಶಕದವರೆಗೆ ಬಳಕೆಯಲ್ಲಿದ್ದದ್ದು ಹಸಿ ಕೊಲೋಡಿಯನ್ ಪ್ಲೇಟು. ಕೊಲೋಡಿಯನ್ ಎಂಬ ಅಂಟು ದ್ರಾವಣವನ್ನು ಗಾಜಿಗೆ ಕೈಯಿಂದಲೇ ಲೇಪಿಸಿ, ಹಸಿ ಇರುವಾಗಲೇ ಚಿತ್ರ ತೆಗೆಯುತ್ತಿದ್ದರು. ಹಾಗಾಗಿ ಮೂಲೆಯೊಂದರಲ್ಲಿ ಲೇಪ ಹರಿದು ನಿಂತ ಗುರುತು, ಇನ್ನೊಂದರಲ್ಲಿ ಬೆರಳು ಹಿಡಿದ ಖಾಲಿ ಜಾಗ ಕಾಣುತ್ತದೆ. ಗಾಜು ದಪ್ಪ, ಅಂಚು ಒರಟು, ಚಿತ್ರದ ಬಣ್ಣ ಕೆನೆ ಬೆರೆತ ಕಂದು. ನಿಮ್ಮ ಡಬ್ಬಿಯಲ್ಲಿರುವುದು ಬಹುಪಾಲು ಇದಾಗಿರಲಾರದು.

1871ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಸೂಚಿಸಿದ ಜೆಲಟಿನ್ ಒಣ ಪ್ಲೇಟು ಆ ದಶಕದ ಕೊನೆಯ ಹೊತ್ತಿಗೆ ಅಂಗಡಿಗೆ ಬಂತು. ಯಂತ್ರದಲ್ಲಿ ಲೇಪಿಸಿದ್ದರಿಂದ ಅಂಚಿನವರೆಗೂ ಸಮ, ಗಾಜು ತೆಳು, ಬಣ್ಣ ಶುದ್ಧ ಕಪ್ಪು-ಬೂದು. ಹವ್ಯಾಸಿಗಳ ಯುಗ ಶುರುವಾದದ್ದೇ ಇದರಿಂದ. ಕೊಂಡ ಪ್ಲೇಟನ್ನು ತಿಂಗಳುಗಟ್ಟಲೆ ಇಟ್ಟುಕೊಂಡು, ಬೇಕೆಂದಾಗ ತೆಗೆದು, ಪುರುಸೊತ್ತಾದಾಗ ಡೆವಲಪ್ ಮಾಡಬಹುದಾಯಿತು.

ಲೇಪ ಇರುವ ಮಗ್ಗುಲು ಯಾವುದು?

ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕನ್ನಡಿಯಂತೆ ಹೊಳೆಯುವುದು ಗಾಜಿನ ಮಗ್ಗುಲು, ಮಂಕಾಗಿರುವುದು ಲೇಪದ ಮಗ್ಗುಲು. ಮಂಕು ಮಗ್ಗುಲಿಗೆ ಬೆರಳು ತಾಕಬಾರದು.

ಪ್ಲೇಟಿನ ಅಳತೆಯಿಂದ ಏನಾದರೂ ತಿಳಿಯುತ್ತದೆಯೇ?

ತಿಳಿಯುತ್ತದೆ, ಆದರೆ ಇಸವಿಗಿಂತ ಹೆಚ್ಚಾಗಿ ಕ್ಯಾಮೆರಾದ ಜಾತಿ ತಿಳಿಯುತ್ತದೆ. ಇಂಚಿನ ಲೆಕ್ಕದಲ್ಲಿ ಕ್ವಾರ್ಟರ್ ಪ್ಲೇಟ್ 3¼ × 4¼, ಹಾಫ್ ಪ್ಲೇಟ್ 4¾ × 6½, ಹೋಲ್ ಪ್ಲೇಟ್ 6½ × 8½. ಸೆಂಟಿಮೀಟರ್ ಲೆಕ್ಕ ಚಾಲ್ತಿಯಲ್ಲಿದ್ದ ಕಡೆ 9 × 12 ಮತ್ತು 13 × 18. ಒಂದೇ ಗಾಜಿನಲ್ಲಿ ಅಕ್ಕಪಕ್ಕ ಎರಡು ಪುಟ್ಟ ಚಿತ್ರಗಳಿದ್ದು ಅಳತೆ 45 × 107 ಮಿಲಿಮೀಟರ್ ಅಥವಾ 6 × 13 ಸೆಂಟಿಮೀಟರ್ ಆಗಿದ್ದರೆ ಅದು ಸ್ಟೀರಿಯೊ, ಅಂದರೆ ಕಣ್ಣಿಗೊಂದರಂತೆ ಎರಡು ಚಿತ್ರ ತೋರಿಸಿ ಆಳದ ಅನುಭವ ಕೊಡುವಂಥದ್ದು. ಅದನ್ನು ಕನ್ನಡಕದಂಥ ಪೆಟ್ಟಿಗೆಯಲ್ಲಿ ಇಣುಕಿ ನೋಡಬೇಕು.

ಅಳತೆಗಿಂತ ಚೆನ್ನಾಗಿ ಮಾತಾಡುವುದು ಅಂಚು. ಡಾರ್ಕ್ ಸ್ಲೈಡಿನ (ಪ್ಲೇಟನ್ನು ಬೆಳಕು ತಾಗದಂತೆ ಇಟ್ಟು ಕ್ಯಾಮೆರಾಕ್ಕೆ ತೂರಿಸುವ ಚಪ್ಪಟೆ ಪೆಟ್ಟಿಗೆ) ತುಟಿ ಮುಚ್ಚಿಕೊಂಡ ಕಡೆ ಬೆಳಕು ಬೀಳದೆ, ನೆಗೆಟಿವಿನಲ್ಲಿ ತಿಳಿಯಾದ ಗೆರೆ ಉಳಿದಿರುತ್ತದೆ. ಆ ಗೆರೆಯ ಅಗಲ, ಅದರ ಚಿಕ್ಕ ಕಚ್ಚು, ಸೊಟ್ಟ ಮೂಲೆ ಪ್ರತಿ ಸ್ಲೈಡಿಗೂ ಬೇರೆ. ಒಂದೇ ಕಚ್ಚು ಇರುವ ಪ್ಲೇಟುಗಳನ್ನು ಒಟ್ಟಿಗೆ ಬರೆದುಕೊಂಡರೆ, ಬೇರೆ ಬೇರೆ ಡಬ್ಬಿಗಳಿಗೆ ಚದುರಿಹೋದವೂ ಒಂದೇ ಕ್ಯಾಮೆರಾದವು ಎಂದು ಹೇಳಲು ಆಧಾರ ಸಿಗುತ್ತದೆ.

ಹಳ್ಳಿಯಲ್ಲಿ ಕೂತು ಇದನ್ನೆಲ್ಲ ಹೇಗೆ ಮಾಡುತ್ತಿದ್ದರು?

ಹಾಫ್ ಪ್ಲೇಟ್ ಕ್ಯಾಮೆರಾದ ಜೊತೆ ಎರಡೆರಡು ಪ್ಲೇಟು ಹಿಡಿಯುವ ಮೂರು ಸ್ಲೈಡು ಒಯ್ದರೆ ಇಡೀ ದಿನಕ್ಕೆ ಆರು ಚಿತ್ರ, ಅಷ್ಟೇ. 1.5 ಮಿಲಿಮೀಟರ್ ದಪ್ಪದ ಹಾಫ್ ಪ್ಲೇಟ್ ಒಂದೊಂದೂ ಸುಮಾರು 75 ಗ್ರಾಂ. ಸ್ಲೈಡು, ಕ್ಯಾಮೆರಾ, ಮುಕ್ಕಾಲಿ ಸೇರಿದರೆ ಹೆಗಲ ಮೇಲೆ ಒಳ್ಳೆಯ ಹೊರೆ. ಹಾಗಾಗಿ ಸುಮ್ಮನೆ ಕ್ಲಿಕ್ಕಿಸುವ ಮಾತೇ ಇರಲಿಲ್ಲ. ಮುಕ್ಕಾಲಿ ನೆಟ್ಟು, ಕಪ್ಪು ಬಟ್ಟೆ ಹೊದ್ದು, ಉಜ್ಜಿದ ಗಾಜಿನ ಮೇಲೆ ತಲೆಕೆಳಗಾಗಿ ಬೀಳುವ ಬಿಂಬವನ್ನು ಸರಿಮಾಡಿ, ಲೆನ್ಸ್ ಮುಚ್ಚಿ, ಸ್ಲೈಡ್ ತೂರಿಸಿ, ಅದರ ಮುಚ್ಚಳ ಎಳೆದು, ಆಮೇಲೆ ಎಕ್ಸ್‌ಪೋಷರ್ (ಪ್ಲೇಟಿಗೆ ಬೆಳಕು ಬಿಡುವುದು). ಮುಚ್ಚಳ ಎಳೆಯಲು ಮರೆತರೆ ಪ್ಲೇಟು ಖಾಲಿ. ಬಳಸಿದ ಸ್ಲೈಡನ್ನೇ ಮತ್ತೆ ತೂರಿಸಿದರೆ ಎರಡು ಚಿತ್ರ ಒಂದರ ಮೇಲೊಂದು. ಹವ್ಯಾಸಿಗಳ ಡಬ್ಬಿಗಳಲ್ಲಿ ಇವೆರಡೂ ಧಾರಾಳ.

ಡೆವಲಪ್ ಮಾಡುವುದು ರಾತ್ರಿ, ಕಿಟಕಿಗೆ ಕಂಬಳಿ ಹೊದಿಸಿದ ಕೋಣೆಯಲ್ಲಿ, ಕೆಂಪು ಗಾಜಿನ ದೀಪದ ಬೆಳಕಲ್ಲಿ. ಆಗಿನ ಪ್ಲೇಟುಗಳಿಗೆ ಕೆಂಪು ಕಾಣುತ್ತಿರಲಿಲ್ಲವಾದ್ದರಿಂದ ಚಿತ್ರ ಮೂಡುವುದನ್ನು ಕಣ್ಣಾರೆ ನೋಡುತ್ತಲೇ ಕೆಲಸ ಮಾಡಬಹುದಿತ್ತು. ಚಿತ್ರ ಮೂಡಿಸುವ ಪೈರೊ ಅಥವಾ ಮೆಟಾಲ್-ಹೈಡ್ರೊಕ್ವಿನೋನ್ ದ್ರಾವಣದಲ್ಲಿ ಕೆಲವು ನಿಮಿಷ, ಮೂಡಿದ್ದನ್ನು ಸ್ಥಿರಗೊಳಿಸುವ ಹೈಪೊದಲ್ಲಿ 10ರಿಂದ 15 ನಿಮಿಷ, ಕೊನೆಗೆ ಹರಿಯುವ ನೀರಿನಲ್ಲಿ ಸುಮಾರು ಒಂದು ಗಂಟೆ ತೊಳೆಯುವುದು. ಎಡವುತ್ತಿದ್ದದ್ದು ಈ ಕೊನೆಯ ಹಂತದಲ್ಲೇ. ನಲ್ಲಿ ಇಲ್ಲದ ಮನೆಯಲ್ಲಿ ಒಂದು ಗಂಟೆ ಹರಿಯುವ ನೀರು ಎಲ್ಲಿಂದ ಬರಬೇಕು? ಬಕೆಟಿನಲ್ಲಿ ಮೂರು ನಾಲ್ಕು ಸಲ ಅದ್ದಿ ಎತ್ತಿ ಮುಗಿಸಿದ ಪ್ಲೇಟಿನಲ್ಲಿ ಹೈಪೊ ಉಳಿದುಬಿಡುತ್ತದೆ. ನೂರು ವರ್ಷದ ಮೇಲೆ ಹಳದಿ ಕಲೆಯಾಗಿ ಕಾಣುವುದು ಅದೇ.

ಪ್ರಿಂಟ್ ತೆಗೆಯಲು ಪ್ಲೇಟಿನ ಲೇಪಕ್ಕೆ ಕಾಗದದ ಲೇಪ ತಾಗುವಂತೆ ಚೌಕಟ್ಟಿನಲ್ಲಿ ಬಿಗಿದು ಬಿಸಿಲಿಗೆ ಇಡುತ್ತಿದ್ದರು. ಇದು ತಾನೇ ಕಪ್ಪಾಗುವ ಪ್ರಿಂಟಿಂಗ್-ಔಟ್ ಕಾಗದ. ಇದರ ಪ್ರಿಂಟು ಕೆಂಗಂದು ಅಥವಾ ನೇರಳೆ ಛಾಯೆಯಲ್ಲಿರುತ್ತದೆ. 1893ರಲ್ಲಿ ಬಂದ ವೆಲಾಕ್ಸ್ ಜಾತಿಯ ಕಾಗದಕ್ಕೆ ದೀಪದ ಬೆಳಕೇ ಸಾಕಾಗಿತ್ತು. ಎರಡರಲ್ಲೂ ಪ್ರಿಂಟಿನ ಅಳತೆ ಪ್ಲೇಟಿನಷ್ಟೇ. ಆಲ್ಬಮ್ಮಿನ ಪ್ರಿಂಟಿಗೆ ಅದರ ಪ್ಲೇಟನ್ನು ಹುಡುಕುವಾಗ ಈ ಮಾತು ನೆನಪಿರಲಿ.

ಅಂಚಿನಲ್ಲಿ ನೀಲಿ-ಬೆಳ್ಳಿ ಹೊಳಪು, ಚುಕ್ಕಿ, ಸುಕ್ಕು ಇವೆ. ಇವೆಲ್ಲ ಏನು?

ಬೆಳ್ಳಿಯ ಹೊಳಪು: ಗಾಳಿ ಮತ್ತು ತೇವಕ್ಕೆ ಬೆಳ್ಳಿಯ ಕಣಗಳು ಕರಗಿ, ಮೇಲ್ಮೈಗೆ ಸರಿದು, ಮತ್ತೆ ಬೆಳ್ಳಿಯಾಗಿ ಕೂತಿವೆ. ಗಾಳಿಯಾಡುವ ಅಂಚಿನಿಂದಲೇ ಇದು ಶುರು. ಉಜ್ಜಿ ತೆಗೆಯುವ ಸಲಹೆ ಅಲ್ಲಲ್ಲಿ ಸಿಗುತ್ತದೆ, ಕೇಳಬೇಡಿ. ಅದು ಚಿತ್ರದ್ದೇ ಬೆಳ್ಳಿ.

ಪ್ರಿಂಟಿನಲ್ಲಿ ಕಪ್ಪಾಗಿ, ಪ್ಲೇಟಿನಲ್ಲಿ ತೂತಿನಂತೆ ಕಾಣುವ ಚುಕ್ಕಿ: ತೆಗೆಯುವಾಗ ಪ್ಲೇಟಿನ ಮೇಲಿದ್ದ ದೂಳು. ಅಚ್ಚುಕಟ್ಟಾದ ಗುಂಡು ಚುಕ್ಕಿಯಾದರೆ ಡೆವಲಪ್ ಮಾಡುವಾಗ ಅಂಟಿಕೊಂಡ ಗಾಳಿಗುಳ್ಳೆ.

ಅಂಚಿನಲ್ಲಿ ಲೇಪ ನಿರಿಗೆಗಟ್ಟಿ ಎದ್ದಿರುವುದು: ದ್ರಾವಣವೋ ನೀರೋ ಬೆಚ್ಚಗಿತ್ತು, ಜೆಲಟಿನ್ ಮೆತ್ತಗಾಗಿ ಗಾಜು ಬಿಟ್ಟಿತು. ಸೆಖೆಯ ಕಾಲದಲ್ಲಿ ಇದನ್ನು ತಡೆಯಲು ಪಟಿಕದ ನೀರಿನಲ್ಲಿ ಅದ್ದುತ್ತಿದ್ದರು.

ಕಿಟಕಿಯ ಸುತ್ತ ಮಂಜಿನಂಥ ಪ್ರಭೆ: ಜೋರು ಬೆಳಕು ಲೇಪ ದಾಟಿ, ಗಾಜಿನ ಹಿಂಬದಿಗೆ ಬಡಿದು ಮರಳಿದ್ದು. ಒಳಾಂಗಣದ ಚಿತ್ರಗಳಲ್ಲಿ ಸಾಮಾನ್ಯ.

ಇನ್ನು ಮುಖದ ಮೇಲೆ ಪೆನ್ಸಿಲಿನ ಸಣ್ಣ ಗೆರೆಗಳು, ಆಕಾಶದ ಮೇಲೆ ಕೆಂಪು ಬಣ್ಣ, ಗಾಜಿಗೆ ಅಂಟಿಸಿದ ಕಪ್ಪು ಕಾಗದ. ಇವು ಕೊಳೆಯಲ್ಲ, ತೆಗೆದವರ ಕೈಕೆಲಸ. ಅಜ್ಜಿಯ ಕೆನ್ನೆಯ ಸುಕ್ಕು ಮುಚ್ಚಲು ಯಾರೋ ಎಚ್‌ಬಿ ಪೆನ್ಸಿಲು ಹಿಡಿದು ಅರ್ಧ ಸಂಜೆ ಕೂತಿದ್ದಾರೆ. ಅದನ್ನು ಒರೆಸಿಬಿಟ್ಟರೆ ಸುಕ್ಕು ವಾಪಸು ಬರುತ್ತದೆ, ಆ ಸಂಜೆ ಹೋಗುತ್ತದೆ.

ಪ್ಲೇಟನ್ನು ಸ್ವಚ್ಛ ಮಾಡುವುದು ಹೇಗೆ?

ಲೇಪದ ಮಗ್ಗುಲಿಗೆ ರಬ್ಬರ್ ಬುರುಡೆಯ ಗಾಳಿ ಮತ್ತು ಒಣಗಿದ ಮೆತ್ತನೆಯ ಬ್ರಷ್, ಅಷ್ಟೇ. ಲೇಪ ಎದ್ದಿದ್ದರೆ ಅದೂ ಬೇಡ. ಬಾಯಿಯಿಂದ ಊದಬೇಡಿ, ಉಗುಳಿನ ಹನಿ ಬೀಳುತ್ತದೆ.

ಗಾಜಿನ ಮಗ್ಗುಲಿಗೆ ಡಿಸ್ಟಿಲ್ಡ್ ನೀರು ಅಥವಾ ನೀರು ಮತ್ತು ಈಥೈಲ್ ಆಲ್ಕೊಹಾಲ್ ಸಮಪಾಲು. ಹತ್ತಿಯನ್ನು ಅದ್ದಿ ಹಿಂಡಿ, ತೇವ ಮಾತ್ರ ಉಳಿಸಿಕೊಂಡು, ನಡುವಿನಿಂದ ಹೊರಕ್ಕೆ ಒರೆಸಿ. ಅಂಚಿನಿಂದ ಅರ್ಧ ಸೆಂಟಿಮೀಟರ್ ಒಳಗೇ ನಿಲ್ಲಿಸಿ. ಹನಿ ಅಂಚು ದಾಟಿ ಆಚೆ ಹೋದರೆ ಲೇಪ ಉಬ್ಬುತ್ತದೆ. ಕೊಲೋಡಿಯನ್ ಪ್ಲೇಟಿಗೆ, ಬಣ್ಣದ ಪ್ಲೇಟಿಗೆ, ಗಾಜಿನ ಕಡೆಯೂ ಬಣ್ಣ ಬಳಿದ ಪ್ಲೇಟಿಗೆ ದ್ರವ ಮುಟ್ಟಿಸಲೇಬಾರದು. ಬೂಷ್ಟು ಹಿಡಿದಿದ್ದರೆ ಒರೆಸಬೇಡಿ. ಅದರ ಕೆಳಗಿನ ಜೆಲಟಿನ್ ಆಗಲೇ ಕರಗುವಂತಾಗಿರುತ್ತದೆ. ಮೊದಲು ಒಣ ಜಾಗದಲ್ಲಿಟ್ಟು ಬೂಷ್ಟು ಒಣಗಲು ಬಿಡಿ, ಮುಂದಿನದು ಸಂರಕ್ಷಣಾ ತಜ್ಞರ ಕೆಲಸ.

ಕೈಗೆ ನೈಟ್ರೈಲ್ ಗವಸು ಒಳ್ಳೆಯದು. ಹತ್ತಿಯ ಗವಸು ಜಾರುತ್ತದೆ, ಎದ್ದ ಚಕ್ಕೆಗೆ ಅದರ ಎಳೆ ಸಿಕ್ಕಿಕೊಳ್ಳುತ್ತದೆ. ಎದುರುಬದುರಿನ ಎರಡು ಅಂಚುಗಳನ್ನು ಎರಡೂ ಕೈಯಲ್ಲಿ ಹಿಡಿದು, ಮೆತ್ತನೆಯ ಹಾಸಿನ ಮೇಲೆಯೇ ಕೆಲಸ ಮಾಡಿ. ಮೂಲೆಯನ್ನು ಒಂದೇ ಕೈಯಲ್ಲಿ ಎತ್ತಿದಾಗಲೇ ಹಳೆಯ ಗಾಜು ಮುರಿಯುವುದು.

ಒಡೆದ ಪ್ಲೇಟನ್ನು ಅಂಟಿಸಬಹುದೇ?

ಬೇಡ. ಟೇಪಂತೂ ಬೇಡವೇ ಬೇಡ. ಚೂರುಗಳ ಅಂಚು ಒಂದಕ್ಕೊಂದು ಉಜ್ಜದಂತೆ ನಡುವೆ ಕಾಗದದ ಪಟ್ಟಿಯಿಟ್ಟು, ಗಟ್ಟಿ ರಟ್ಟಿನ ತಟ್ಟೆಯಲ್ಲಿ ಮಟ್ಟಸವಾಗಿ ಮಲಗಿಸಿ. ಬೆಳಕಿನ ಹಲಗೆಯ ಮೇಲೆ ಚೂರುಗಳನ್ನು ಜೋಡಿಸಿ ಒಮ್ಮೆ ಫೋಟೊ ತೆಗೆದುಕೊಂಡರೆ ಉಳಿದ ಜೋಡಣೆಯನ್ನು ಕಂಪ್ಯೂಟರಿನಲ್ಲಿ ಮಾಡಬಹುದು.

ಎಲ್ಲಿ, ಹೇಗೆ ಇಡಬೇಕು?

ಒಡೆಯದ ಪ್ಲೇಟುಗಳನ್ನು ನಿಲ್ಲಿಸಿ ಇಡಿ, ಉದ್ದದ ಅಂಚು ಕೆಳಗೆ. ಒಂದರ ಮೇಲೊಂದು ಪೇರಿಸಿದರೆ ಕೆಳಗಿನದು ಭಾರಕ್ಕೆ ಸೀಳುತ್ತದೆ. ಪ್ರತಿಯೊಂದಕ್ಕೂ ನಾಲ್ಕು ರೆಕ್ಕೆಯ, ಆಮ್ಲರಹಿತ ಕಾಗದದ ಮಡಿಕೆ ಬೇಕು. ಪ್ಲೇಟನ್ನು ಒಳಗೆ ಜಾರಿಸುವ ಬದಲು ಮಡಿಕೆಯೇ ಸುತ್ತ ಮುಚ್ಚಿಕೊಳ್ಳುವುದರಿಂದ ಲೇಪ ಕೆರೆಯುವುದಿಲ್ಲ. ಕೊಳ್ಳುವಾಗ ‘ಆಮ್ಲರಹಿತ’ ಎಂಬ ಮಾತಿಗಷ್ಟೇ ತೃಪ್ತರಾಗದೆ, ಫೋಟೊಗ್ರಾಫಿಕ್ ಆಕ್ಟಿವಿಟಿ ಟೆಸ್ಟ್ (ಕಾಗದ ಚಿತ್ರಕ್ಕೆ ಹಾನಿ ಮಾಡುತ್ತದೆಯೇ ಎಂದು ನೋಡುವ ಪರೀಕ್ಷೆ) ಪಾಸಾಗಿದೆಯೇ ಎಂದು ಕೇಳಿ. ಪಿವಿಸಿ ಪ್ಲಾಸ್ಟಿಕ್ ಬೇಡ.

ತಾಪಮಾನ 18 ಡಿಗ್ರಿ ಸೆಲ್ಸಿಯಸ್ ಅಥವಾ ಕಡಿಮೆ, ತೇವಾಂಶ ಶೇಕಡ 30ರಿಂದ 40: ಆದರ್ಶ ಇದು. ಮನೆಯಲ್ಲಿ ಇದು ಕಷ್ಟ. ಏರಿಳಿತ ತಪ್ಪಿಸುವುದಾದರೂ ಸಾಧ್ಯ. ಅಟ್ಟ ಬೇಡ, ನೆಲಮಾಳಿಗೆ ಬೇಡ, ಹೊರಗೋಡೆಗೆ ತಾಗಿದ ಕಪಾಟು ಬೇಡ. ಮನೆಯ ನಡುವಿನ ಕೋಣೆಯಲ್ಲಿ, ನೆಲದಿಂದ ಒಂದಡಿ ಮೇಲೆ ಇಡಿ. ತೇವ ಹೆಚ್ಚಾದರೆ ಬೂಷ್ಟು, ತೀರಾ ಒಣಗಿದರೆ ಲೇಪ ಬಿಗಿದು ಚಕ್ಕೆ ಏಳುತ್ತದೆ. ಡಬ್ಬಿ ದೊಡ್ಡದು ಬೇಡ. 13 × 18ರ ನೂರು ಪ್ಲೇಟು ಎಂದರೆ ಸುಮಾರು ಒಂಬತ್ತು ಕಿಲೊ. ಮೇಲೆ ‘ಗಾಜು, ಭಾರ’ ಎಂದು ಬರೆಯಿರಿ.

ಗಾಜಿನ ಜೊತೆ ಫಿಲ್ಮೂ ಇದೆ, ಏನೋ ವಾಸನೆ ಬರುತ್ತಿದೆ.

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಈಸ್ಟ್‌ಮನ್ (ಕೊಡಕ್) ಕಂಪನಿ 1889ರಲ್ಲಿ ತಂದ ಪಾರದರ್ಶಕ ಫಿಲ್ಮು ನೈಟ್ರೇಟಿನದು, ಅಂದರೆ ಬೇಗ ಬೆಂಕಿ ಹಿಡಿಯುವ ಪ್ಲಾಸ್ಟಿಕ್ಕಿನದು. ಕೆಲವು ಅಳತೆಯ ರೋಲ್ ಫಿಲ್ಮು 1950ರವರೆಗೂ ಅದರಲ್ಲೇ ಬಂತು. ಹುಳಿ ವಿನೆಗರ್ ವಾಸನೆ ಬಂದರೆ ಆಮೇಲೆ ಬಂದ ಅಸಿಟೇಟ್ ಫಿಲ್ಮು: ಹಾಳಾಗುತ್ತಿದೆ, ಬೆಂಕಿಯ ಭಯವಿಲ್ಲ. ಮೂಗಿಗೆ ಚುಚ್ಚುವ ಆಮ್ಲದ ವಾಸನೆ, ಹಳದಿ-ಕಂದು ಬಣ್ಣ, ಕೈಗೆ ಅಂಟುವ ಮೇಲ್ಮೈ, ಗುಳ್ಳೆ ಕಂಡರೆ ನೈಟ್ರೇಟ್. ಅದಕ್ಕೆ ಬೆಂಕಿ ಹತ್ತಿದರೆ ನೀರು ಹಾಕಿದರೂ ಆರುವುದಿಲ್ಲ, ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇದೆ. ಹೊಗೆ ವಿಷ. ಕೊಳೆತ ನೈಟ್ರೇಟು ಬಿಸಿ ಜಾಗದಲ್ಲಿ ಬಹುಕಾಲ ಇದ್ದರೆ ತಾನಾಗಿಯೇ ಹೊತ್ತಿಕೊಳ್ಳಬಹುದು.

ಉರಿಸಿ ಪರೀಕ್ಷೆ ಮಾಡಲು ಹೋಗಬೇಡಿ. ಗಾಜಿನಿಂದ ಬೇರ್ಪಡಿಸಿ, ಗಾಳಿಯಾಡುವ ತಂಪು ಜಾಗದಲ್ಲಿಟ್ಟು, ಪತ್ರಾಗಾರವನ್ನೋ ಅಗ್ನಿಶಾಮಕ ದಳವನ್ನೋ ಸಂಪರ್ಕಿಸಿ. ಚೆನ್ನಾಗಿರುವುದನ್ನು ಬೇಗ ಪ್ರತಿ ಮಾಡಿಸಿ. ನೈಟ್ರೇಟಿನ ಆವಿ ಪಕ್ಕದ ಪ್ಲೇಟಿನ ಬೆಳ್ಳಿಯನ್ನೂ ತಿನ್ನುತ್ತದೆ.

ಸ್ಕ್ಯಾನ್ ಮಾಡುವಾಗ ಯಾವ ಸೆಟ್ಟಿಂಗ್?

ಹಿಂಬೆಳಕು ಇರುವ ಫ್ಲಾಟ್‌ಬೆಡ್ ಸ್ಕ್ಯಾನರ್ ಬೇಕು. ಸಾಮಾನ್ಯ ಆಫೀಸ್ ಸ್ಕ್ಯಾನರ್ ಆಗದು. ಗಾಜಿನ ಮಗ್ಗುಲು ಕೆಳಗೆ, ಲೇಪ ಮೇಲೆ. ಗಾಜಿಗೆ ಗಾಜು ನೇರ ತಾಗಿದರೆ ಕಾಮನಬಿಲ್ಲಿನಂಥ ಉಂಗುರಗಳು ಬರುತ್ತವೆ. ನಾಲ್ಕೂ ಅಂಚಿನ ಕೆಳಗೆ ತೆಳು ರಟ್ಟಿನ ಪಟ್ಟಿ ಕೊಟ್ಟರೆ ಅವು ಹೋಗುತ್ತವೆ. ಪಟ್ಟಿ ಇಟ್ಟೂ ಇಡದೆಯೂ ಒಂದು ಚಿಕ್ಕ ಭಾಗವನ್ನು ಸ್ಕ್ಯಾನ್ ಮಾಡಿ ಯಾವುದು ಚೂಪಾಗಿದೆ ನೋಡಿ, ಸ್ಕ್ಯಾನರಿನ ಫೋಕಸ್ ಒಂದೊಂದರದ್ದು ಒಂದೊಂದು ಎತ್ತರ.

16 ಬಿಟ್ ಗ್ರೇಸ್ಕೇಲ್, ಟಿಫ್ ಫೈಲ್. 5 × 7 ಇಂಚಿನ ಪ್ಲೇಟಿಗೆ 1200 ಪಿಪಿಐ (ಇಂಚಿಗೆ ಅಷ್ಟು ಪಿಕ್ಸೆಲ್) ಎಂದರೆ 6000 × 8400 ಪಿಕ್ಸೆಲ್, ಫೈಲು ಸುಮಾರು 100 ಎಂಬಿ. ಹೆಚ್ಚಿನ ಕೆಲಸಕ್ಕೆ ಇದು ಸಾಕು. ಕ್ವಾರ್ಟರ್ ಪ್ಲೇಟಿಗೆ 2400, ಪುಟ್ಟ ಸ್ಟೀರಿಯೊ ಪ್ಲೇಟಿಗೆ ಸ್ಕ್ಯಾನರ್ ನಿಜವಾಗಿ ಎಷ್ಟು ಕೊಡಬಲ್ಲುದೋ ಅಷ್ಟು. ಇನ್‌ಫ್ರಾರೆಡ್ ದೂಳು ತೆಗೆಯುವ ಆಯ್ಕೆಯನ್ನು ಆಫ್ ಮಾಡಿ. ಬೆಳ್ಳಿ ಆ ಬೆಳಕನ್ನೂ ತಡೆಯುವುದರಿಂದ ಚಿತ್ರವನ್ನೇ ದೂಳೆಂದು ತಿಳಿದು ಅಳಿಸುತ್ತದೆ. ಶಾರ್ಪನಿಂಗ್ ಬೇಡ. ಪ್ಲೇಟಿನ ಅಂಚು, ಗಾಜಿನ ಮೇಲಿನ ಬರಹ ಎಲ್ಲವೂ ಫ್ರೇಮಿನೊಳಗೆ ಬರಲಿ.

ಕ್ಯಾಮೆರಾದಿಂದ ತೆಗೆಯುವುದಾದರೆ ಬೆಳಕಿನ ಹಲಗೆ, ಮ್ಯಾಕ್ರೊ ಲೆನ್ಸ್, ಪ್ಲೇಟಿನ ಸುತ್ತ ಕಪ್ಪು ಕಾಗದ. ಕಾಗದ ಇಡದಿದ್ದರೆ ಸುತ್ತಲಿನ ಬೆಳಕು ಲೆನ್ಸಿಗೆ ಹೊಕ್ಕು ಚಿತ್ರ ಸಪ್ಪೆಯಾಗುತ್ತದೆ. ದಟ್ಟ ಕಪ್ಪಾದ ಪ್ಲೇಟುಗಳಿಗೆ ಈ ವಿಧಾನವೇ ವಾಸಿ.

ಸ್ಕ್ಯಾನಿನಲ್ಲಿ ಎಡ-ಬಲ ಅದಲುಬದಲಾಗಿದೆಯೇ ಎಂದು ತಿಳಿಯುವುದು ಹೇಗೆ?

ಗಾಜಿನ ಕಡೆಯಿಂದ ನೋಡಿದರೆ ಸರಿ, ಲೇಪದ ಕಡೆಯಿಂದ ನೋಡಿದರೆ ಕನ್ನಡಿಯಂತೆ ತಿರುಗಿದ್ದು. ಲೇಪವನ್ನು ಕ್ಯಾಮೆರಾಕ್ಕೆ ತೋರಿಸಿ ತೆಗೆದಿದ್ದರೆ ಅಡ್ಡಕ್ಕೆ ತಿರುಗಿಸಲೇಬೇಕು. ಫಲಕದ ಅಕ್ಷರ, ಗೋಡೆ ಗಡಿಯಾರ, ಗಂಡಸರ ಕೋಟಿನ ಗುಂಡಿ ನೋಡಿ ಖಚಿತಪಡಿಸಿಕೊಳ್ಳಿ. ಬಲಗೈಯವರ ಕುಡುಗೋಲು ಎಡಗೈಯಲ್ಲಿ ಕಂಡರೆ ಒಬ್ಬರು ಎಡಚರಿರಬಹುದು, ಕೊಯ್ಲಿನ ಸಾಲಿನಲ್ಲಿ ಎಲ್ಲರೂ ಎಡಚರಾದರೆ ತಪ್ಪು ನಿಮ್ಮದು.

ಇಸವಿ ಬರೆದಿಲ್ಲ. ಕಾಲ ನಿರ್ಣಯ ಹೇಗೆ?

ಡಬ್ಬಿಯ ಮೇಲಿನ ಕಂಪನಿಯ ಹೆಸರನ್ನೇ ನಂಬಿ ಕೂರಬೇಡಿ. ಡಜನ್ ಪ್ಲೇಟು ಖಾಲಿಯಾದ ಗಟ್ಟಿ ಡಬ್ಬಿಯನ್ನು ಯಾರೂ ಎಸೆಯುತ್ತಿರಲಿಲ್ಲ. 1905ರ ಡಬ್ಬಿಯಲ್ಲಿ 1920ರ ಪ್ಲೇಟು ಇರುವುದು ಮಾಮೂಲು. ಬಟ್ಟೆಬರೆಯೂ ಹಾಗೇ. ಮದುವೆಗೆ ಹೊಲಿಸಿದ ಕೋಟನ್ನು ಇಪ್ಪತ್ತು ವರ್ಷ ತೊಟ್ಟವರಿದ್ದಾರೆ. ಬಟ್ಟೆ, ಸೈಕಲ್ಲು, ತಂತಿ ಕಂಬ, ಯಂತ್ರ ಇವೆಲ್ಲ ‘ಇದಕ್ಕಿಂತ ಹಿಂದಿನದಲ್ಲ’ ಎಂದು ಮಾತ್ರ ಹೇಳಬಲ್ಲವು.

ಮನೆಯ ಚಿತ್ರಗಳಿಗೆ ಎಲ್ಲಕ್ಕಿಂತ ಗಟ್ಟಿ ಆಧಾರ ಮಕ್ಕಳು. ಹುಟ್ಟಿದ ವರ್ಷ ಗೊತ್ತಿರುವ ಒಂದು ಮಗುವನ್ನು ಹಿಡಿದುಕೊಳ್ಳಿ. ಅದು ತೊಟ್ಟಿಲಲ್ಲಿರುವ ಪ್ಲೇಟು, ನಿಂತಿರುವುದು, ಮುಂದಿನ ಹಲ್ಲು ಬಿದ್ದಿರುವುದು (ಸುಮಾರು ಆರರಿಂದ ಎಂಟು ವರ್ಷ) ಎಂದು ಏಣಿಯ ಮೆಟ್ಟಿಲಿನಂತೆ ಜೋಡಿಸಿ. ಆ ಮಗುವಿನ ಪಕ್ಕ ನಿಂತವರು, ಹಿಂದಿನ ಗೋಡೆ, ಅಂಗಳದ ಗಿಡ ಇವಕ್ಕೂ ಅದೇ ಇಸವಿ ಅಂಟುತ್ತದೆ. ಸಸಿಯಾಗಿದ್ದ ಮರ ಸೂರಿನೆತ್ತರಕ್ಕೆ ಬಂದಿದೆಯೇ? ಹುಲ್ಲಿನ ಮಾಡು ತಗಡಾಗಿದೆಯೇ? ಬಾಗಿಲ ಬಣ್ಣ ಬದಲಾಗಿದೆಯೇ? ಹೀಗೆ ಒಂದು ಮಗು ನಲವತ್ತು ಪ್ಲೇಟುಗಳ ಗಂಟು ಬಿಡಿಸಬಲ್ಲದು.

ಋತು ಮತ್ತು ಹೊತ್ತಿಗೆ ಎಲೆ, ಪೈರು, ನೆರಳು ನೋಡಿ. ನಿಂತವರ ನೆರಳು ಅವರಷ್ಟೇ ಉದ್ದವಿದ್ದರೆ ಸೂರ್ಯ 45 ಡಿಗ್ರಿ ಎತ್ತರದಲ್ಲಿದ್ದ.

ಇನ್ನು ಕೊಡಕ್ ಸಂಗತಿಗಳು. ಬ್ರೌನಿ ಕ್ಯಾಮೆರಾ ಬಂದದ್ದು 1900ರಲ್ಲಿ. 3¼ × 5½ ಇಂಚಿನ ಪೋಸ್ಟ್‌ಕಾರ್ಡ್ ಅಳತೆಯ ನೆಗೆಟಿವು 1903ರ 3ಎ ಫೋಲ್ಡಿಂಗ್ ಪಾಕೆಟ್ ಕೊಡಕ್‌ನಿಂದ ಮುಂದಿನದು. ಫಿಲ್ಮಿನ ಎರಡು ಚಿತ್ರಗಳ ನಡುವೆ ಕೈಬರಹವಿದ್ದರೆ ಅದು ಆಟೋಗ್ರಾಫಿಕ್ ಕ್ಯಾಮೆರಾ, 1914ರ ನಂತರದ್ದು. ಹಿಂಬದಿಯ ಪುಟ್ಟ ಬಾಗಿಲು ತೆರೆದು ಲೋಹದ ಕಡ್ಡಿಯಲ್ಲಿ ಬರೆದ ಆ ಸಾಲಿನಷ್ಟು ಬೆಲೆಬಾಳುವುದು ಇಡೀ ಕಟ್ಟಿನಲ್ಲಿ ಬೇರೊಂದಿರಲಾರದು.

ಯಾರೂ ನಗುತ್ತಿಲ್ಲವಲ್ಲ, ಎಕ್ಸ್‌ಪೋಷರ್ ಅಷ್ಟು ದೀರ್ಘವಾಗಿತ್ತೇ?

1900ರ ಹೊತ್ತಿಗೆ ಬಿಸಿಲಿನಲ್ಲಿ ಸೆಕೆಂಡಿನ 25ನೇ ಒಂದು ಭಾಗ ಸಾಕಿತ್ತು, ನಗಲು ಅಡ್ಡಿಯೇನಿರಲಿಲ್ಲ. ಫೋಟೊಗೆ ಗಂಭೀರವಾಗಿ ನಿಲ್ಲುವುದು ಆಗಿನ ಮರ್ಯಾದೆ. ಒಳಾಂಗಣದಲ್ಲಿ ಮಾತ್ರ ಕೆಲವು ಸೆಕೆಂಡಿನಿಂದ ನಿಮಿಷದವರೆಗೂ ಬೇಕಾಗುತ್ತಿತ್ತು. ನೆರಳಿನ ಜಾಗದಲ್ಲಿ ತೆಗೆದದ್ದರಲ್ಲಿ ನಾಯಿಯ ಬಾಲ, ದನದ ಕಿವಿ, ಕಂಕುಳ ಕೂಸಿನ ಮುಖ ಕದಡಿರುವುದನ್ನು ನೋಡಿ. ಉಳಿದೆಲ್ಲ ಚೂಪಾಗಿದ್ದರೆ ಎಕ್ಸ್‌ಪೋಷರ್ ಅರ್ಧ ಸೆಕೆಂಡಿನ ಆಸುಪಾಸು.

ಇವರೆಲ್ಲ ಕಪ್ಪು ಬಟ್ಟೆಯನ್ನೇ ಹಾಕುತ್ತಿದ್ದರೇ?

ಇಲ್ಲ. ಸಾಧಾರಣ ಪ್ಲೇಟಿಗೆ ನೀಲಿ ಮಾತ್ರ ಕಾಣುತ್ತಿತ್ತು, ಆರ್ಥೊಕ್ರೊಮ್ಯಾಟಿಕ್ ಪ್ಲೇಟಿಗೆ ಹಸಿರೂ ಕಾಣುತ್ತಿತ್ತು. ಕೆಂಪಿಗೆ ಎರಡೂ ಕುರುಡು. ಕೆಂಪು ಬಟ್ಟೆ ಕಪ್ಪಾಗಿ, ತಿಳಿನೀಲಿ ಬಟ್ಟೆ ಬಿಳಿಯಾಗಿ, ಮೋಡ ತುಂಬಿದ ಆಕಾಶ ಬರಿ ಬಿಳಿ ಗೋಡೆಯಾಗಿ ಬಂದಿದೆ. ಎಲ್ಲ ಬಣ್ಣ ಕಾಣುವ ಪ್ಯಾನ್‌ಕ್ರೊಮ್ಯಾಟಿಕ್ ಪ್ಲೇಟು 1906ರಲ್ಲೇ ಮಾರಾಟಕ್ಕೆ ಬಂದರೂ ಅದನ್ನು ಕಗ್ಗತ್ತಲಲ್ಲಿ ಡೆವಲಪ್ ಮಾಡಬೇಕಿತ್ತು, ಹವ್ಯಾಸಿಗಳು ಬೇಗ ಒಗ್ಗಿಕೊಳ್ಳಲಿಲ್ಲ. ಕಂಪ್ಯೂಟರಿನಲ್ಲಿ ಬಣ್ಣ ತುಂಬುವ ತಂತ್ರಾಂಶ ಇದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ಕೊಡುವ ಬಣ್ಣ ಬರಿಯ ಊಹೆ. ಬಣ್ಣ ತುಂಬಿದ ಪ್ರತಿಯನ್ನು ಹಂಚುವುದಾದರೆ ಹಾಗೆಂದು ಬರೆದು ಹಂಚಿ.

ಈ ಚಿತ್ರಗಳಲ್ಲಿರುವುದು ಆಗಿನ ನಿಜವಾದ ದಿನಚರಿಯೇ?

ಅರ್ಧ ನಿಜ. ಪ್ಲೇಟು ದುಬಾರಿ, ದಿನಕ್ಕೆ ಆರೇ ಚಿತ್ರ. ಆದ್ದರಿಂದ ಕ್ಯಾಮೆರಾ ಹೊರಬಂದದ್ದು ಒಳ್ಳೆಯ ದಿನಗಳಲ್ಲಿ: ಬಿಸಿಲಿದ್ದಾಗ, ಎಲ್ಲರೂ ಕೂಡಿದ್ದಾಗ, ಬೆಳೆ ಚೆನ್ನಾಗಿದ್ದಾಗ. ಮಳೆಗಾಲದ ಕೆಸರು, ರಾತ್ರಿಯ ಕೆಲಸ, ಕಾಯಿಲೆ, ಸಾಲ ಪ್ಲೇಟಿಗೆ ಬರಲೇ ಇಲ್ಲ. ಅಡುಗೆಮನೆಯೂ ಅಪರೂಪ, ಬೆಳಕಿಲ್ಲದ್ದೇ ಕಾರಣ. ಹಾಗೆ ನೋಡಿದರೆ ಅಮೆರಿಕದ ಚಾನ್ಸನೆಟ್ಟಾ ಸ್ಟ್ಯಾನ್ಲಿ ಎಮನ್ಸ್ (1858–1937) ವಿಶೇಷ. ಸೋದರರದ್ದೇ ಒಣ ಪ್ಲೇಟಿನ ಕಂಪನಿ. ಅವರು ಕಿಟಕಿಯ ಬೆಳಕನ್ನೇ ನಂಬಿ, ಆಗಲೇ ಮರೆಯಾಗುತ್ತಿದ್ದ ಮನೆಗೆಲಸಗಳನ್ನು ನ್ಯೂ ಇಂಗ್ಲೆಂಡಿನ ಹಳ್ಳಿಮನೆಗಳೊಳಗೆ ತೆಗೆದರು. ಸ್ವಿಟ್ಜರ್ಲೆಂಡಿನ ಬ್ಲೆನಿಯೊ ಕಣಿವೆಯ ರೊಬೆರ್ಟೊ ಡೊನೆಟ್ಟಾ ಬಿತ್ತನೆ ಬೀಜ ಮಾರುತ್ತಾ ಊರೂರು ತಿರುಗಿದವರು. 1932ರಲ್ಲಿ ತೀರಿಕೊಂಡಾಗ ಅವರು ಬಿಟ್ಟುಹೋದದ್ದು ಸುಮಾರು 5000 ಗಾಜಿನ ಪ್ಲೇಟು. ಇನ್ನೊಂದು ತುದಿಯಲ್ಲಿ ಫ್ರಾನ್ಸಿನ ಝಾಕ್ ಆಂರಿ ಲಾರ್ತಿಗ್: ಹುಟ್ಟಿದ್ದು 1894ರಲ್ಲಿ, ಶ್ರೀಮಂತರ ಮಗು, ಹತ್ತು ತುಂಬುವ ಮುನ್ನವೇ ಕೈಗೆ ಕ್ಯಾಮೆರಾ. ಮೂವರೂ ‘ಆ ಕಾಲ’ವನ್ನೇ ತೆಗೆದರು. ಯಾರ ಮನೆಯ ಬಾಗಿಲಿಂದ ನೋಡಿದರು ಎಂಬುದರಲ್ಲಿ ಎಲ್ಲ ವ್ಯತ್ಯಾಸ.

ಕೆಲಸದ ಚಿತ್ರವೂ ಬಹುಪಾಲು ನಿಲ್ಲಿಸಿ ತೆಗೆದದ್ದು. ಒಕ್ಕಣೆಯ ಚಿತ್ರದಲ್ಲಿ ಎಲ್ಲರೂ ಕ್ಯಾಮೆರಾ ಕಡೆ ನೋಡುತ್ತಿದ್ದಾರೆಯೇ? ಎತ್ತಿದ ಕವೆಗೋಲಿನ ತುದಿ ಚೂಪಾಗಿದೆಯೇ, ಕದಡಿದೆಯೇ? ಮೈಮೇಲೆ ಹೊಟ್ಟು, ಬೆವರು ಇವೆಯೇ, ಇಲ್ಲ ಇಸ್ತ್ರಿ ಮಾಡಿದ ಅಂಗಿಯೇ? ಸುಳ್ಳು ಹೇಳದಿರುವುದು ಅಂಚಿನಲ್ಲಿರುವ ವಸ್ತುಗಳು. ನಡುವೆ ನಿಂತವರನ್ನು ಸಜ್ಜುಗೊಳಿಸಿದ ಛಾಯಾಗ್ರಾಹಕರು ಮೂಲೆಯ ಒಡಕು ಬಕೆಟನ್ನೂ, ತೇಪೆ ಹಾಕಿದ ಬೇಲಿಯನ್ನೂ, ಬಾಗಿಲ ಸಂದಿಯಿಂದ ಇಣುಕುವ ಕೆಲಸದ ಹುಡುಗಿಯನ್ನೂ ಗಮನಿಸಿರುವುದಿಲ್ಲ. ಪ್ರಿಂಟಿನಲ್ಲಿ ಇವನ್ನು ಕತ್ತರಿಸಿಬಿಟ್ಟಿರುತ್ತಾರೆ, ಪ್ಲೇಟಿನಲ್ಲಿ ಉಳಿದಿರುತ್ತವೆ. ಪ್ಲೇಟನ್ನು ಅಂಚಿನವರೆಗೂ ಸ್ಕ್ಯಾನ್ ಮಾಡಿ ಎಂದದ್ದು ಇದಕ್ಕೇ.

ತೆಗೆದವರ ಚಿತ್ರವೇ ಒಂದೂ ಇಲ್ಲ.

ಹುಡುಕಿ. ಸಂಜೆಯ ಚಿತ್ರಗಳ ಮುಂಭಾಗದಲ್ಲಿ ಮುಕ್ಕಾಲಿಯ ಪಕ್ಕ ನಿಂತ ನೆರಳು, ಕಿಟಕಿ ಗಾಜಿನ ಪ್ರತಿಬಿಂಬ, ಗುಂಪಿನ ತುದಿಯಲ್ಲಿ ಮುಷ್ಟಿ ಬಿಗಿದು ನಿಂತವರು. ಆ ಮುಷ್ಟಿಯಲ್ಲಿ ರಬ್ಬರ್ ಬುರುಡೆ ಇರಬಹುದು. ಅದರ ಕೊಳವೆ ಕಾಲಡಿಯಿಂದ ಹುಲ್ಲಿನೊಳಗೆ ಕ್ಯಾಮೆರಾದತ್ತ ಹರಿದಿರುತ್ತದೆ. ಬುರುಡೆ ಅದುಮಿದರೆ ಗಾಳಿಯ ಒತ್ತಡಕ್ಕೆ ಶಟರ್ ತೆರೆಯುತ್ತಿತ್ತು.

ಕಣ್ಣುಮುಚ್ಚಿದವರ ಚಿತ್ರವಿದೆ. ಶವವೇ?

ಸಾಮಾನ್ಯವಾಗಿ ಕಣ್ಣು ಮಿಟುಕಿಸಿದವರು, ಅಥವಾ ಮೆಗ್ನೀಸಿಯಂ ಪುಡಿಯ ಮಿಂಚಿಗೆ ಬೆದರಿದವರು. ಗೋಡೆಯ ಮೇಲೆ ಗಾಢ ನೆರಳು, ಮೇಲ್ಭಾಗದಲ್ಲಿ ಹೊಗೆಯ ಮಬ್ಬು ಇದ್ದರೆ ಮಿಂಚುಪುಡಿಯ ಚಿತ್ರವೇ. ಮೃತರ ಚಿತ್ರ ತೆಗೆಯುವ ರೂಢಿ ಇತ್ತು, ಆದರೆ ಮಲಗಿಸಿಯೋ ಒರಗಿಸಿಯೋ ತೆಗೆಯುತ್ತಿದ್ದರು. ಶವವನ್ನು ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದು ನಿಲ್ಲಿಸುತ್ತಿದ್ದರೆಂಬುದು ಇಂಟರ್‌ನೆಟ್ಟಿನ ಕಟ್ಟುಕತೆ. ಆ ಸ್ಟ್ಯಾಂಡು ಬದುಕಿದ್ದವರ ತಲೆ ಅಲುಗದಿರಲೆಂದು ಇದ್ದದ್ದು.

ಕೆಲವು ಪ್ರಿಂಟು ಅಚ್ಚ ನೀಲಿ ಬಣ್ಣದಲ್ಲಿವೆ.

ಸೈಯನೋಟೈಪ್, 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಹಿಡಿದ ವಿಧಾನ. ಎರಡು ಕಬ್ಬಿಣದ ಲವಣ, ಬಿಸಿಲು, ಬರಿ ನೀರು: ಅಗ್ಗದ್ದಾದ್ದರಿಂದ ಹವ್ಯಾಸಿಗಳಿಗೆ ಪ್ರಿಯ. ಉಳಿದ ಪ್ರಿಂಟುಗಳಿಗೆ ಒಗ್ಗುವ ಕ್ಷಾರ ಬೆರೆತ ಕಾಗದ ಇದಕ್ಕೆ ಮಾತ್ರ ಶತ್ರು, ನೀಲಿ ಅಳಿಸಿಹೋಗುತ್ತದೆ. ಬೆಳಕಿಗೆ ಮಸುಕಾದದ್ದು ಕತ್ತಲಲ್ಲಿ ಇಟ್ಟರೆ ಸ್ವಲ್ಪ ಮಟ್ಟಿಗೆ ಮರಳುತ್ತದೆ.

ಒಂದು ಗಾಜಿನಲ್ಲಿ ನಿಜವಾದ ಬಣ್ಣವಿದೆ!

ಆಟೋಕ್ರೋಮ್ ಇರಬೇಕು. ಫ್ರಾನ್ಸಿನ ಲ್ಯೂಮಿಯೇರ್ ಸೋದರರು 1907ರಲ್ಲಿ ಮಾರುಕಟ್ಟೆಗೆ ತಂದದ್ದು. ಕಿತ್ತಳೆ, ಹಸಿರು, ನೇರಳೆ ಬಣ್ಣ ಹಾಕಿದ ಆಲೂಗಡ್ಡೆಯ ಪಿಷ್ಟದ ಕಣಗಳು ಗಾಜಿನ ಮೇಲೆ ಹರಡಿವೆ, ಭೂತಗನ್ನಡಿ ಹಿಡಿದರೆ ಕಣಗಳ ಗುಂಪು ಕಾಣುತ್ತದೆ. ನೆಗೆಟಿವ್ ಅಲ್ಲ, ಇದೇ ಒಂದೇ ಪ್ರತಿ. ತೇವ ತಗುಲಿದರೆ ಹಸಿರು ಚುಕ್ಕಿ ಹರಡುತ್ತದೆ, ಪ್ರೊಜೆಕ್ಟರಿನ ಬಿಸಿ-ಬೆಳಕಿಗೆ ಬಣ್ಣ ಹಾರುತ್ತದೆ. ಕಡಿಮೆ ಹೊತ್ತು, ತಣ್ಣನೆಯ ಎಲ್‌ಇಡಿ ಹಲಗೆಯ ಮೇಲೆ, ಒಮ್ಮೆ ತೆಗೆದು ಒಳಗಿಡಿ. ಇದನ್ನು ಗಾಜಿನ ಮೂಲಕ ಎಕ್ಸ್‌ಪೋಸ್ ಮಾಡುತ್ತಿದ್ದರಿಂದ ಎಡ-ಬಲದ ಲೆಕ್ಕ ಮೇಲೆ ಹೇಳಿದ್ದಕ್ಕೆ ತಿರುಗುಮುರುಗು.

ಪ್ಲೇಟು ನಮ್ಮ ಬಳಿ ಇದೆ, ಹಕ್ಕೂ ನಮ್ಮದೇ?

ಎರಡೂ ಬೇರೆ. ಗಾಜಿನ ಒಡೆತನ ಕೊಂಡವರದ್ದು, ಕೃತಿಸ್ವಾಮ್ಯ ತೆಗೆದವರ ವಾರಸುದಾರರದ್ದು. ಹಲವು ದೇಶಗಳಲ್ಲಿ ಅದು ತೆಗೆದವರು ತೀರಿಕೊಂಡ 50, 60 ಅಥವಾ 70 ವರ್ಷಗಳವರೆಗೆ ಇರುತ್ತದೆ. ಹಾಗಾಗಿ 1910ರ ಚಿತ್ರ ತೆಗೆದವರು 1970ರವರೆಗೆ ಬದುಕಿದ್ದರೆ ಅದು ಕೆಲವು ದೇಶಗಳಲ್ಲಿ ಇನ್ನೂ ಮುಕ್ತವಾಗಿಲ್ಲದಿರಬಹುದು. ಪ್ಲೇಟನ್ನು ಪತ್ರಾಗಾರಕ್ಕೆ ಕೊಡುವಾಗ ಗಾಜು ಮತ್ತು ಹಕ್ಕು ಎರಡನ್ನೂ ಪತ್ರದಲ್ಲಿ ಬೇರೆ ಬೇರೆಯಾಗಿ ಬರೆಸಿ.

ಚಿತ್ರದಲ್ಲಿರುವವರ ಹೆಸರು ಹಿರಿಯರಿಂದ ಪಡೆಯುವುದು ಹೇಗೆ?

ಪ್ಲೇಟನ್ನು ಅವರ ಮುಂದೆ ಹಿಡಿಯಬೇಡಿ. ನೆಗೆಟಿವಿನಲ್ಲಿ ಮುಖ ಗುರುತಿಸುವುದು ಕಷ್ಟ, ಕೈಜಾರುವ ಭಯ ಬೇರೆ. ಎ4 ಕಾಗದದಲ್ಲಿ ಒಂದೇ ಚಿತ್ರದ ಪ್ರಿಂಟು, ಪಕ್ಕದಲ್ಲಿ ಮುಖಗಳ ಗೆರೆಚಿತ್ರ ಮಾಡಿ ಅದಕ್ಕೆ 1, 2, 3 ಎಂದು ಸಂಖ್ಯೆ ಕೊಡಿ. ‘ಇವರು ಇಂಥವರಲ್ಲವೇ’ ಎಂದು ಹೆಸರು ಮುಂದಿಟ್ಟು ಕೇಳಿದರೆ ಬಹಳ ಮಂದಿ ಹೌದು ಎಂದುಬಿಡುತ್ತಾರೆ. ‘ಇದು ಯಾವ ಜಾಗ’ ಎಂದು ಶುರುಮಾಡಿ, ಮುಖಗಳಿಗೆ ಆಮೇಲೆ ಬನ್ನಿ. ಇಬ್ಬರು ಹಿರಿಯರಿದ್ದರೆ ಬೇರೆ ಬೇರೆಯಾಗಿ ಕೂರಿಸಿ ಕೇಳಿ, ಯಾರು ಯಾವ ದಿನ ಏನು ಹೇಳಿದರು ಎಂದು ಬರೆದಿಡಿ. ಇಬ್ಬರ ಮಾತು ಹೊಂದದಿದ್ದರೆ ಎರಡನ್ನೂ ಉಳಿಸಿಕೊಳ್ಳಿ. 03-07ರ ಉತ್ತರ ಕೆಲವೊಮ್ಮೆ 03-09ರಲ್ಲಿ ಸಿಗುತ್ತದೆ.